ಹೊಸಪೇಟೆ–ಹಂಪಿ ಪರಿಸರದ ಕ್ರೈಸ್ತ ಸಭೆ: ನಂಬಿಕೆ, ಉದ್ದೇಶ ಮತ್ತು ಆಡಳಿತ

ಹಂಪಿಯನ್ನು ಕುರಿತು ನಡೆದಿರುವ ಅಧ್ಯಯನಗಳು ವಿಪುಲವಾಗಿವೆ. ಶಾಸನ, ದೇವಾಲಯ, ಶಿಲ್ಪ, ಕೋಟೆಕೊತ್ತಲ, ನೀರಾವರಿ ವ್ಯವಸ್ಥೆ, ವಿದೇಶೀ ಪ್ರವಾಸಿಗರ ಬರಹ ಹೀಗೆ ಹಲವು ಆಕರಗಳನ್ನು ವಿದ್ವಾಂಸರು ಬಳಸಿಕೊಂಡಿದ್ದಾರೆ. ಜಾನಪದ ಕ್ಷೇತ್ರದಲ್ಲಿಯೂ ವಿರೂಪಾಕ್ಷನ ಜಾತ್ರೆ, ಹುಲಿಗೆಮ್ಮನ ಆರಾಧನೆ, ಸಂಡೂರಿನ ಕುಮಾರಸ್ವಾಮಿ ಕ್ಷೇತ್ರದ ಆಚರಣೆಗಳು, ಬುಡಕಟ್ಟು ಹಾಗೂ ಅಲೆಮಾರಿ ಸಮುದಾಯಗಳ ಬದುಕು ಅಧ್ಯಯನಕ್ಕೆ ಒಳಪಟ್ಟಿವೆ. ಆದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದಲ್ಲಿ ಬಾಳುತ್ತ ಬಂದಿರುವ ಕ್ರೈಸ್ತ ಸಮುದಾಯದ ಕಡೆಗೆ ಸಂಶೋಧಕರ ಗಮನ ಹರಿದದ್ದು ಕಡಿಮೆ. ಈ ಸಮುದಾಯವನ್ನು ಮಿಷನರಿಗಳ ಚರಿತ್ರೆಯ ಒಂದು ಅನುಬಂಧವೆಂಬಂತೆ ನೋಡಿದ್ದೇ ಹೆಚ್ಚು. ಮಿಷನರಿಗಳು ಬಂದರು, ಅಚ್ಚುಕೂಟ ತೆರೆದರು, ನಿಘಂಟು ರಚಿಸಿದರು ಎಂಬಲ್ಲಿಗೆ ವಿವರಣೆ ನಿಂತುಬಿಡುತ್ತದೆ. ಅವರ ಮಾತು ಕೇಳಿ ಸಭೆಯಾಗಿ ಕೂಡಿದ ಜನ ಏನನ್ನು ನಂಬಿದರು, ಯಾವ ಉದ್ದೇಶಕ್ಕಾಗಿ ಒಂದುಗೂಡಿದರು, ತಮ್ಮನ್ನು ತಾವು ಹೇಗೆ ಆಳಿಕೊಂಡರು ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಈ ಮೂರು ಪ್ರಶ್ನೆಗಳ ನೆಲೆಯಲ್ಲಿ ಇಲ್ಲಿಯ ಕ್ರೈಸ್ತ ಸಭೆಯ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಧ್ಯಯನದ ವ್ಯಾಪ್ತಿಯನ್ನು ಕುರಿತು ಒಂದು ಮಾತು. ಈ ನಾಲ್ಕೂ ಸ್ಥಳಗಳು ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು. ಸಭೆಯ ಚರಿತ್ರೆಯ ದೃಷ್ಟಿಯಿಂದ ಮಾತ್ರ ಬಳ್ಳಾರಿಯನ್ನು ಬಿಟ್ಟು ಈ ಪರಿಸರವನ್ನು ಅರಿಯಲಾಗದು.

೧. ಚಾರಿತ್ರಿಕ ಹಿನ್ನೆಲೆ

ಹಂಪಿಗೆ ಕ್ರೈಸ್ತರ ಪರಿಚಯವಾದದ್ದು ವಿಜಯನಗರದ ಕಾಲದಲ್ಲಿಯೇ. ೧೫೧೦ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಫ್ರಾನ್ಸಿಸ್ಕನ್ ಸಂನ್ಯಾಸಿ ಲೂಯಿಯನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ರಾಯಭಾರಿಯಾಗಿ ಕಳುಹಿಸಿದನು. ಈ ಸಂನ್ಯಾಸಿ ವಿಜಯನಗರದಲ್ಲಿಯೇ ಕೊಲೆಯಾದನು. ಅನಂತರ ಬಂದ ಡೊಮಿಂಗೊ ಪಾಯೆಸ್ ಹಾಗೂ ಫರ್ನಾವೊ ನೂನಿಜ್ ಅವರ ಬರಹಗಳು ಸುಪರಿಚಿತವಾಗಿವೆ. ಇಂದಿನ ಹೊಸಪೇಟೆಯ ಪರಿಸರದಲ್ಲಿ ಕೃಷ್ಣದೇವರಾಯನು ಕಟ್ಟಿಸಿದ ಕೆರೆಯ ಕೆಲಸಕ್ಕೆ ಜೊವಾವೊ ಡೆಲ್ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದ ನಿಪುಣನು ನೆರವಾದನೆಂದು ನೂನಿಜ್ ಹೇಳುತ್ತಾನೆ. ಆದರೆ ಇವರೆಲ್ಲ ರಾಯಭಾರಿಗಳು, ಕುದುರೆ ವ್ಯಾಪಾರಿಗಳು, ಕುಶಲಕರ್ಮಿಗಳು. ಇವರಿಂದ ಇಲ್ಲಿ ಸ್ಥಳೀಯರ ಸಭೆಯೊಂದು ನೆಲೆಗೊಂಡಿತೆಂದು ಭಾವಿಸಲು ಆಧಾರಗಳಿಲ್ಲ.

ಸ್ಥಳೀಯ ಸಭೆಯ ಚರಿತ್ರೆ ಆರಂಭವಾಗುವುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಬಳ್ಳಾರಿ ದಂಡಿನ ಊರಾಯಿತು. ೧೮೧೦ರಲ್ಲಿ ಲಂಡನ್ ಮಿಷನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದು ನೆಲೆಸಿದರು. ಅವರು ಕನ್ನಡ ಕಲಿತು, ಶಾಲೆಗಳನ್ನು ತೆರೆದು, ಬೈಬಲ್ ಅನುವಾದದಲ್ಲಿ ತೊಡಗಿದರು. ೧೮೨೦ರ ದಶಕದ ಆರಂಭದಲ್ಲಿ ಹೊಸ ಒಡಂಬಡಿಕೆಯೂ ೧೮೩೧ರ ವೇಳೆಗೆ ಇಡೀ ಬೈಬಲೂ ಕನ್ನಡದಲ್ಲಿ ಸಿದ್ಧವಾದವು. ೧೮೧೬ರಲ್ಲಿ ಅವರನ್ನು ಕೂಡಿಕೊಂಡ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ೧೮೨೪ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಪ್ರಕಟವಾದವು. ಮಂಗಳೂರಿನಲ್ಲಿ ೧೮೪೩ರ ಜುಲೈ ೧ರಂದು ಕಲ್ಲಚ್ಚಿನಲ್ಲಿ ಆರಂಭವಾದ ‘ಮಂಗಳೂರ ಸಮಾಚಾರ’ವು ಮರುವರ್ಷವೇ ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ವಾದದ್ದಕ್ಕೆ ಅಲ್ಲಿ ಮೊಳೆಯಚ್ಚಿನ ಸೌಲಭ್ಯವಿದ್ದುದೇ ಕಾರಣ.

ಆರಂಭದ ಸಭೆಯಲ್ಲಿ ದಂಡಿನ ಸೈನಿಕರೂ ಆಂಗ್ಲೋ ಇಂಡಿಯನ್ನರೂ ಇದ್ದರು. ಹೀಗೆ ಬಳ್ಳಾರಿಯ ಸಭೆಯಲ್ಲಿ ಬೆಳೆದ ಜೋಸೆಫ್ ಟೇಲರ್ ಎಂಬುವರು ೧೮೨೦ರಲ್ಲಿ ಬೆಳಗಾವಿಗೆ ತೆರಳಿ ಅಲ್ಲಿ ಮಿಷನ್ ಕಾರ್ಯಕ್ಕೆ ಅಡಿಪಾಯ ಹಾಕಿದರು. ಬಳ್ಳಾರಿಯಿಂದ ಸುತ್ತಲ ಪೇಟೆ, ಹಳ್ಳಿ, ಜಾತ್ರೆಗಳಿಗೆ ಸಂಚಾರ ಹೋಗುವುದು ಮಿಷನರಿಗಳ ವಾಡಿಕೆಯಾಗಿತ್ತು. ಹಂಪಿಯ ಜಾತ್ರೆ ಅವರ ಪಾಲಿಗೆ ಮುಖ್ಯವಾದ ಉಪದೇಶ ಸ್ಥಳ. ವಿರೂಪಾಕ್ಷನ ತೇರಿಗೆ ಬಂದ ಜನ ಅಲ್ಲಿಯೇ ಕನ್ನಡದ ಅಚ್ಚಿನ ಪುಸ್ತಕಗಳನ್ನೂ ಕಂಡರು.

ಕ್ಯಾಥೋಲಿಕ್ ಸಭೆಯ ದಾರಿ ಬೇರೆ. ಮದ್ರಾಸಿನ ಮಹಾಧರ್ಮಕ್ಷೇತ್ರಕ್ಕೆ ಸೇರಿದ್ದ ಬಳ್ಳಾರಿ ಪ್ರದೇಶವು ೧೯೨೮ರಲ್ಲಿ ಪ್ರತ್ಯೇಕ ಮಿಷನ್ ಆಯಿತು. ೧೯೪೯ರಲ್ಲಿ ಬಳ್ಳಾರಿ ಧರ್ಮಕ್ಷೇತ್ರವಾಗಿ ರೂಪುಗೊಂಡು, ಫ್ರಾನ್ಸಿಸ್ಕನ್ ಸಂಸ್ಥೆಯ ಜಾನ್ ಫಾರೆಸ್ಟ್ ಹೋಗನ್ ಅದರ ಮೊದಲ ಧರ್ಮಾಧ್ಯಕ್ಷರಾದರು.

ಇಪ್ಪತ್ತನೆಯ ಶತಮಾನದ ನಡುವಿನಿಂದ ಸಮುದಾಯದ ರಚನೆಯೇ ಬದಲಾಯಿತು. ೧೯೪೫ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ಕಾಮಗಾರಿಗೆ ತಮಿಳು, ತೆಲುಗು, ಮಲಯಾಳಂ ನುಡಿಯುವ ಕೆಲಸಗಾರರು ಬಂದರು. ಮುಂದೆ ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಗಣಿಗಳು, ದೋಣಿಮಲೈ, ೧೯೯೦ರ ದಶಕದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇವು ಮತ್ತಷ್ಟು ಜನರನ್ನು ತಂದವು. ಹೀಗಾಗಿ ಇಲ್ಲಿಯ ಕ್ರೈಸ್ತ ಸಮುದಾಯವನ್ನು ಒಂದೇ ಮೂಲದ ಸಮುದಾಯವೆಂದು ಪರಿಗಣಿಸಲು ಬರುವುದಿಲ್ಲ.

೨. ನಂಬಿಕೆಯ ಸ್ವರೂಪ

ಲಂಡನ್ ಮಿಷನ್ ಪರಂಪರೆಯ ಸಭೆಗಳು ಇಂದು ದಕ್ಷಿಣ ಭಾರತ ಸಭೆಗೆ ಸೇರಿವೆ. ಈ ಸಭೆಯ ನಂಬಿಕೆಗೆ ಬೈಬಲೇ ಅಂತಿಮ ಪ್ರಮಾಣ. ಅಪೊಸ್ತಲರ ವಿಶ್ವಾಸ ಪ್ರಮಾಣ ಹಾಗೂ ನೈಸಿಯಾ ವಿಶ್ವಾಸ ಪ್ರಮಾಣಗಳನ್ನು ಅದು ಒಪ್ಪುತ್ತದೆ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರಲ್ಲಿ ವಿಶ್ವಾಸ, ಕ್ರಿಸ್ತನ ಮರಣ ಮತ್ತು ಪುನರುತ್ಥಾನದಿಂದ ದೊರೆಯುವ ರಕ್ಷಣೆ, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡು ಸಂಸ್ಕಾರಗಳು ಇದರ ಮುಖ್ಯಾಂಶಗಳು. ಕ್ಯಾಥೋಲಿಕ್ ಸಭೆ ಇವುಗಳ ಜೊತೆಗೆ ದೃಢೀಕರಣ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ವಿವಾಹಗಳನ್ನೂ ಸೇರಿಸಿ ಏಳು ಸಂಸ್ಕಾರಗಳನ್ನು ಮಾನ್ಯ ಮಾಡುತ್ತದೆ. ಮರಿಯಮ್ಮನವರಿಗೂ ಸಂತರಿಗೂ ವಿಶೇಷ ಗೌರವವಿದೆ. ಪೆಂತೆಕೊಸ್ತ್ ಹಾಗೂ ಸ್ವತಂತ್ರ ಸಭೆಗಳು ವಯಸ್ಕರ ಮುಳುಗು ಸ್ನಾನವನ್ನೂ ಪವಿತ್ರಾತ್ಮನ ವರಗಳನ್ನೂ ರೋಗಶಾಂತಿಯ ಪ್ರಾರ್ಥನೆಯನ್ನೂ ಒತ್ತಿ ಹೇಳುತ್ತವೆ.

ಇಷ್ಟನ್ನು ಯಾವ ಧರ್ಮಬೋಧೆಯ ಪುಸ್ತಕದಿಂದಲೂ ತಿಳಿಯಬಹುದು. ಜಾನಪದ ಅಧ್ಯಯನಕಾರನಿಗೆ ಮುಖ್ಯವಾಗುವುದು ಈ ನಂಬಿಕೆಗಳು ಯಾವ ಮಾತಿನಲ್ಲಿ ನೆಲೆಗೊಂಡವು ಎಂಬುದು. ಮೂಲದ ಪರಿಕಲ್ಪನೆಗಳಿಗೆ ಕನ್ನಡದ ಪದಗಳನ್ನು ಹುಡುಕುವಾಗ ಅನುವಾದಕರು ಸಂಸ್ಕೃತದ, ಶರಣರ, ದಾಸರ, ಆಡುನುಡಿಯ ಪದಸಂಪತ್ತನ್ನೆಲ್ಲ ತಡಕಿದ್ದಾರೆ. ‘ದೀಕ್ಷೆ’ಯೂ ‘ಸ್ನಾನ’ವೂ ಈ ನೆಲದಲ್ಲಿ ಮೊದಲೇ ಇದ್ದವು, ಎರಡೂ ಕೂಡಿ ಹೊಸ ಅರ್ಥವೊಂದು ಹುಟ್ಟಿತು. ಪ್ರಾಟೆಸ್ಟಂಟರು ‘ಸುವಾರ್ತೆ’ ಎನ್ನುವುದನ್ನು ಕ್ಯಾಥೋಲಿಕರು ‘ಶುಭಸಂದೇಶ’ ಎನ್ನುತ್ತಾರೆ. ಅವರ ‘ಕರ್ತನ ಭೋಜನ’ ಇವರಲ್ಲಿ ‘ಬಲಿಪೂಜೆ’ ಮತ್ತು ‘ಪರಮಪ್ರಸಾದ’. ಅಲ್ಲಿ ‘ಸಭಾಪಾಲಕ’, ಇಲ್ಲಿ ‘ಗುರು’ ಅಥವಾ ‘ಸ್ವಾಮಿ’. ಈ ಪದಭೇದದಲ್ಲಿ ಎರಡು ದೈವಶಾಸ್ತ್ರಗಳ ಭೇದವೇ ಅಡಗಿದೆ. ಒಂದು ಕಡೆ ಕೂಡಿ ಉಣ್ಣುವ ಪಂಕ್ತಿಯ ಕಲ್ಪನೆ ಮುಂದಿದ್ದರೆ, ಇನ್ನೊಂದು ಕಡೆ ಅರ್ಪಣೆ ಹಾಗೂ ಪ್ರಸಾದದ ಕಲ್ಪನೆ ಮುಂದಿದೆ. ಸಹಪಂಕ್ತಿಯೇ ನಿಷಿದ್ಧವಾಗಿದ್ದ ಜಾತಿಗಳಿಂದ ಬಂದವರಿಗೆ ಒಂದೇ ಬಟ್ಟಲಿನ ಭೋಜನವೆಂಬುದು ಬರಿಯ ಸಂಕೇತವಾಗಿರಲಾರದು.

ಆಚರಣೆಯ ಮಟ್ಟದಲ್ಲಿ ಜನಪದ ಸಂಪ್ರದಾಯ ಇನ್ನಷ್ಟು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಸುಗ್ಗಿಯ ಕಾಲದಲ್ಲಿ ಮೊದಲ ಬೆಳೆಯನ್ನು ಗುಡಿಗೆ ಒಪ್ಪಿಸುವ ಪದ್ಧತಿ ಕರ್ನಾಟಕದ ಸಭೆಗಳಲ್ಲಿ ಬೆಳೆ ಹಬ್ಬವಾಗಿ ಮುಂದುವರಿದಿದೆ. ಕಾಳು, ಕುಂಬಳ, ಬಾಳೆಗೊನೆ, ಕೋಳಿಗಳನ್ನು ತಂದು ಅರ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅವುಗಳ ಹರಾಜು ನಡೆಯುತ್ತದೆ. ಬಂದ ಹಣ ಸಭೆಯ ನಿಧಿಗೆ ಸೇರುತ್ತದೆ. ಅಡುಗೆಗೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದಿಟ್ಟು ಸಭೆಗೆ ಒಪ್ಪಿಸುವ ‘ಹಿಡಿ ಅಕ್ಕಿ’ಯ ಪದ್ಧತಿಯನ್ನು ನಡೆಸಿದವರು ಹೆಂಗಸರು. ಹರಕೆ ಸಲ್ಲಿಸುವ ಮನೋಧರ್ಮ ‘ಸ್ತೋತ್ರದ ಕಾಣಿಕೆ’ಯಾಗಿ ರೂಪಾಂತರ ಹೊಂದಿದೆ: ಮಗು ಹುಟ್ಟಿದಾಗ, ಕಾಯಿಲೆ ವಾಸಿಯಾದಾಗ, ಮನೆ ಕಟ್ಟಿದಾಗ ಲಕೋಟೆಯಲ್ಲಿ ಹಣವಿಟ್ಟು ಕಾರಣ ಬರೆದು ಅರ್ಪಿಸುತ್ತಾರೆ. ಹರಕೆಯಲ್ಲಿ ದೈವದೊಡನೆ ಒಂದು ಕರಾರು ಇರುತ್ತದೆ. ಸ್ತೋತ್ರದ ಕಾಣಿಕೆಯಲ್ಲಿ ಕರಾರಿಲ್ಲ, ಕೃತಜ್ಞತೆ ಮಾತ್ರ ಎಂದು ಸಭಾಪಾಲಕರು ಬೋಧಿಸುತ್ತಾರೆ. ಕೊಡುವವರ ಮನಸ್ಸಿನಲ್ಲಿ ಈ ಎರಡರ ಗೆರೆ ಯಾವಾಗಲೂ ಅಷ್ಟು ನಿಚ್ಚಳವಾಗಿರುವುದಿಲ್ಲ.

ಹಾಡಿನ ಪರಂಪರೆಯೂ ಗಮನಾರ್ಹ. ಪಾಶ್ಚಾತ್ಯ ಧಾಟಿಯ ಸಂಗೀತಗಳ ಜೊತೆಗೆ ದೇಶೀಯ ರಾಗತಾಳಗಳ ಕೀರ್ತನೆಗಳು ಕನ್ನಡ ಸಭೆಗಳಲ್ಲಿ ಬಳಕೆಗೆ ಬಂದವು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ೧೮೬೨ರಲ್ಲಿಯೇ ಯೇಸುವಿನ ಚರಿತೆಯನ್ನು ಭಾರತೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ರಚಿಸಿದ್ದರು. ಅಕ್ಷರವಿಲ್ಲದವರಿಗೆ ವಿಶ್ವಾಸದ ಪಾಠವಾಗಿ ಒದಗಿದ್ದು ಹೆಚ್ಚಾಗಿ ಹಾಡೇ.

೩. ಸಭೆಯ ಉದ್ದೇಶ

ಆರಾಧನೆ, ಸಾಕ್ಷಿ, ಅನ್ಯೋನ್ಯತೆ, ಸೇವೆ ಎಂಬ ನಾಲ್ಕು ಮಾತುಗಳಲ್ಲಿ ಸಭೆ ತನ್ನ ಉದ್ದೇಶವನ್ನು ಹೇಳಿಕೊಳ್ಳುತ್ತದೆ. ಇವುಗಳ ನಡುವಿನ ತೂಕ ಕಾಲದಿಂದ ಕಾಲಕ್ಕೆ ಬದಲಾಗಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಉಪದೇಶ ಮತ್ತು ಅಚ್ಚು ಮುಂದಿದ್ದವು. ೧೮೪೬ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ವಾರ್ಡ್‌ಲಾ ಶಾಲೆಯ ಮೂಲಕ ಶಿಕ್ಷಣ ಮುಂದೆ ಬಂದಿತು. ಅಲ್ಲಿ ಕಲಿತವರಲ್ಲಿ ಕ್ರೈಸ್ತೇತರರೇ ಹೆಚ್ಚಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ೧೮೭೬–೭೮ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನಲುಗಿದ ಪ್ರದೇಶಗಳಲ್ಲಿ ಒಂದು. ಗಂಜಿ ಕೇಂದ್ರ, ಅನಾಥ ಮಕ್ಕಳ ಪಾಲನೆಗಳು ಆಗ ದಕ್ಷಿಣದ ಮಿಷನ್‌ಗಳ ಅನಿವಾರ್ಯ ಕೆಲಸವಾದವು.

ಕ್ಷಾಮ ಕಾಲದಲ್ಲಿ ಸೇರಿದವರನ್ನು ‘ಅನ್ನಕ್ಕಾಗಿ ಮತ ಬಿಟ್ಟವರು’ ಎಂದು ಹೀಗಳೆಯುವ ರೂಢಿ ಬಹುಕಾಲ ನಡೆದು ಬಂದಿದೆ. ಈ ಮಾತನ್ನು ಸಂಶೋಧಕರು ಪರಿಶೀಲಿಸದೆ ಒಪ್ಪಬಾರದು. ಹಸಿದವನಿಗೆ ಅನ್ನ ಕೊಟ್ಟದ್ದು ಯಾರು, ಕೊಡದೆ ಇದ್ದದ್ದು ಯಾರು ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕಾಗುತ್ತದೆ. ಮಳೆ ಬಂದು ಬೆಳೆ ಬಂದ ಮೇಲೆಯೂ ಸಭೆಯಲ್ಲಿ ಉಳಿದವರು, ಮೂರು ನಾಲ್ಕು ತಲೆಮಾರು ಅದರಲ್ಲಿಯೇ ಬಾಳಿದವರು ಕೇವಲ ಗಂಜಿಗಾಗಿ ಉಳಿದರೆಂದು ಹೇಳುವುದು ಚರಿತ್ರೆಯೂ ಅಲ್ಲ, ನ್ಯಾಯವೂ ಅಲ್ಲ.

ಜಾತಿಯ ಪ್ರಶ್ನೆ ಇದರೊಡನೆ ಹೆಣೆದುಕೊಂಡಿದೆ. ಸಭೆಯಲ್ಲಿ ಎಲ್ಲರೂ ಸಮಾನರೆಂಬುದು ಬೋಧನೆ. ಮದುವೆ ಸಂಬಂಧ, ನೆಂಟಸ್ತಿಕೆಗಳಲ್ಲಿ ಹಳೆಯ ಜಾತಿಯ ನೆನಪು ಮಾತ್ರ ಅಳಿಯಲಿಲ್ಲ. ಇತ್ತ ಪ್ರಭುತ್ವ ೧೯೫೦ರ ಸಂವಿಧಾನದ ಪರಿಶಿಷ್ಟ ಜಾತಿಗಳ ಆದೇಶದ ಮೂಲಕ ಆ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಅದು ವಿಸ್ತರಣೆಯಾಯಿತು. ಕ್ರೈಸ್ತರಾದ ದಲಿತರಿಗೆ ಆಗಲಿಲ್ಲ. ಈ ವಿಷಯದ ಪರಿಶೀಲನೆಗೆಂದು ೨೦೨೨ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ಇದರ ಪರಿಣಾಮ ಸಭೆಯ ದಾಖಲೆಯ ಮೇಲೆಯೇ ಆಗಿದೆ. ಭಾನುವಾರ ಸಭೆಯಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಮತ್ತೊಂದು ಹೆಸರು ಹೊತ್ತು ಬಾಳುವವರು ದಕ್ಷಿಣ ಭಾರತದಲ್ಲೆಲ್ಲ ಇದ್ದಾರೆ. ಜನಗಣತಿಯ ಅಂಕಿಯಿಂದ ಮಾತ್ರ ಈ ಸಮುದಾಯವನ್ನು ಅಳೆಯಲು ಹೊರಟವರು ಇದನ್ನು ಅರಿತಿರಬೇಕು.

೪. ಆಡಳಿತ ವ್ಯವಸ್ಥೆ

ಲಂಡನ್ ಮಿಷನರಿ ಸಂಸ್ಥೆ ಸ್ಥಾಪನೆಯಾದದ್ದು ೧೭೯೫ರಲ್ಲಿ. ಮರುವರ್ಷ ಅದು ಒಂದು ಮೂಲತತ್ತ್ವವನ್ನು ಅಂಗೀಕರಿಸಿತು. ಯಾವುದೇ ಒಂದು ಪಂಗಡದ ಸಭಾವ್ಯವಸ್ಥೆಯನ್ನು ಹೊರನಾಡುಗಳಲ್ಲಿ ಹೇರುವುದು ತನ್ನ ಕೆಲಸವಲ್ಲ. ಸುವಾರ್ತೆಯನ್ನು ಒಪ್ಪಿ ಸಭೆಯಾಗಿ ಕೂಡಿದ ಜನರೇ ತಮಗೆ ತಕ್ಕ ಆಡಳಿತ ಕ್ರಮವನ್ನು ಆರಿಸಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ಬಳ್ಳಾರಿ ಸೀಮೆಯ ಸಭೆಗಳ ಆಡಳಿತವನ್ನು ಅರಿಯಲು ಈ ತತ್ತ್ವ ಬಹುಮುಖ್ಯವಾದ ಮಾನದಂಡ. ವ್ಯವಹಾರದಲ್ಲಿ ಬಹುಪಾಲು ಮಿಷನರಿಗಳು ಸ್ವತಂತ್ರ ಸಭಾ ಪದ್ಧತಿಗೆ, ಅಂದರೆ ಕಾಂಗ್ರಿಗೇಶನಲ್ ಪಂಗಡಕ್ಕೆ ಸೇರಿದವರು. ಆ ಪದ್ಧತಿಯಲ್ಲಿ ಸ್ಥಳೀಯ ಸಭೆಯೇ ಪರಮಾಧಿಕಾರಿ. ಸದಸ್ಯರೇ ಕೂಡಿ ಸಭಾಪಾಲಕರನ್ನು ಕರೆಯುತ್ತಾರೆ, ಸಭಾಸೇವಕರನ್ನು ಆರಿಸುತ್ತಾರೆ, ತಪ್ಪಿದವರನ್ನು ವಿಚಾರಿಸುತ್ತಾರೆ. ಆದರೆ ಸಂಬಳದ ಹಣ ಮಿಷನ್ನಿನ ಕೈಯಲ್ಲಿದ್ದವರೆಗೆ ಈ ಅಧಿಕಾರ ಬಹುಮಟ್ಟಿಗೆ ಹೆಸರಿಗೆ ಮಾತ್ರ ಉಳಿಯಿತು. ಹಿಡಿ ಅಕ್ಕಿ, ಬೆಳೆ ಹಬ್ಬಗಳ ಆಡಳಿತಾತ್ಮಕ ಮಹತ್ವ ಇಲ್ಲಿ ತಿಳಿಯುತ್ತದೆ. ಸಭಾಪಾಲಕರ ಜೀವನಕ್ಕೆ ಸಭೆಯೇ ಒದಗಿಸಿದ ಹೊರತು ಸಭೆ ತನ್ನ ಕಾಲ ಮೇಲೆ ನಿಲ್ಲಲಾರದಾಗಿತ್ತು.

ಈ ಪದ್ಧತಿ ನಮ್ಮ ಹಳ್ಳಿಗಳಿಗೆ ಪೂರ್ತಿ ಅಪರಿಚಿತವಾಗಿರಲಿಲ್ಲ. ಊರ ಹಿರಿಯರು ಕಟ್ಟೆಯ ಮೇಲೆ ಕೂಡಿ ನ್ಯಾಯ ತೀರಿಸುವುದು, ತಪ್ಪುಕಾಣಿಕೆ ಹಾಕುವುದು, ಕುಲದಿಂದ ಹೊರಗಿಟ್ಟು ಮತ್ತೆ ಕೂಡಿಸಿಕೊಳ್ಳುವುದು ಇಲ್ಲಿಯ ಕುಲಪಂಚಾಯಿತಿಗಳ ಕ್ರಮ. ಸಭೆಯಲ್ಲಿಯೂ ‘ಹಿರಿಯರು’ ಇದ್ದಾರೆ, ಭೋಜನದಿಂದ ಕೆಲಕಾಲ ದೂರವಿಡುವ ಶಿಸ್ತುಕ್ರಮವಿದೆ, ಪಶ್ಚಾತ್ತಾಪದ ನಂತರ ಸೇರಿಸಿಕೊಳ್ಳುವ ವಿಧಿಯಿದೆ. ವ್ಯತ್ಯಾಸವೂ ದೊಡ್ಡದೇ. ಕುಲಪಂಚಾಯಿತಿಯಲ್ಲಿ ಹಿರಿತನ ವಂಶದಿಂದ ಬರುತ್ತದೆ. ಹೆಂಗಸರಿಗೆ ಕಟ್ಟೆಯಲ್ಲಿ ಸ್ಥಾನವಿಲ್ಲ. ಸಭೆಯಲ್ಲಿ ಹಿರಿಯರು ಚುನಾವಣೆಯಿಂದ ಬರುತ್ತಾರೆ, ಹೆಂಗಸರೂ ಮತದಾರರು. ಸಾರ್ವತ್ರಿಕ ಮತದಾನ ದೇಶಕ್ಕೆ ಬರುವ ಮೊದಲೇ ಇಂತಹ ಸಭೆಗಳಲ್ಲಿ ಕೂಲಿಕಾರರು ಕೈಯೆತ್ತಿ ಅಭಿಪ್ರಾಯ ಸೂಚಿಸಲು ಕಲಿತರು.

೧೯೦೮ರಲ್ಲಿ ಕಾಂಗ್ರಿಗೇಶನಲ್ ಮತ್ತು ಪ್ರೆಸ್ಬಿಟೀರಿಯನ್ ಪರಂಪರೆಯ ಸಭೆಗಳು ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾಯಿತು. ೧೯೧೯ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಐಕ್ಯತೆಯ ಮಾತುಕತೆ ಇಪ್ಪತ್ತೆಂಟು ವರ್ಷ ನಡೆದು, ೧೯೪೭ರ ಸೆಪ್ಟೆಂಬರ್ ೨೭ರಂದು ಮದ್ರಾಸಿನ ಸಂತ ಜಾರ್ಜ್ ಮಹಾದೇವಾಲಯದಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಐಕ್ಯ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು. ದೀರ್ಘ ಚರ್ಚೆಗೆ ಕಾರಣವಾದ ಅಂಶಗಳಲ್ಲಿ ಮುಖ್ಯವಾದುದು ಬಿಷಪ್ಪರ ಪದವಿ. ಸ್ಥಳೀಯ ಸಭೆಯೇ ದೊಡ್ಡದೆಂದು ನಂಬಿದ ಪರಂಪರೆ ಬಿಷಪ್ಪರನ್ನು ಒಪ್ಪಿತು. ಬಿಷಪ್ಪರ ಅಧಿಕಾರವನ್ನು ನಂಬಿದ ಪರಂಪರೆ ಆ ಅಧಿಕಾರ ಸಂವಿಧಾನಬದ್ಧವಾಗಿರಲೆಂದು ಒಪ್ಪಿತು.

ಈಗಿನ ವ್ಯವಸ್ಥೆ ಮೂರು ಹಂತಗಳದು. ತಳದಲ್ಲಿ ಒಂದು ಅಥವಾ ಹಲವು ಸಭೆಗಳನ್ನೊಳಗೊಂಡ ಪಾಸ್ಟರೇಟ್. ಅದಕ್ಕೆ ಸಭಾಪಾಲಕರ ಅಧ್ಯಕ್ಷತೆಯಲ್ಲಿ ಸದಸ್ಯರಿಂದ ಆಯ್ಕೆಯಾದ ಸಮಿತಿ. ನಡುವೆ ಬಿಷಪ್ಪರ ನೇತೃತ್ವದ ಡಯಾಸಿಸ್. ಅದರ ಪರಿಷತ್ತಿನಲ್ಲಿ ಸಭಾಪಾಲಕರೂ ಸಭೆಗಳ ಪ್ರತಿನಿಧಿಗಳೂ ಇರುತ್ತಾರೆ. ಮೇಲೆ ಮಾಡರೇಟರರ ನೇತೃತ್ವದ ಸಿನಡ್. ಬಿಷಪ್ಪರ ಆಯ್ಕೆಯಲ್ಲಿ ಡಯಾಸಿಸ್ ಪರಿಷತ್ತು ಹೆಸರುಗಳ ಪಟ್ಟಿಯನ್ನು ಆರಿಸಿ ಕಳುಹಿಸುತ್ತದೆ. ಅಂತಿಮ ನಿರ್ಣಯ ಸಿನಡ್ಡಿನದು. ಕನ್ನಡ ಬೈಬಲು ಬಿಷಪ್ಪರಿಗೆ ‘ಸಭಾಧ್ಯಕ್ಷ’ ಎಂಬ ಪದವನ್ನು ಬಳಸಿರುವುದು ಅರ್ಥಪೂರ್ಣ: ಅಧ್ಯಕ್ಷನಿಗೆ ಸಭೆ ಬೇಕು. ೧೯೭೦ರ ದಶಕದಿಂದ ಮಹಿಳೆಯರಿಗೂ ಗುರುದೀಕ್ಷೆ ದೊರೆಯುತ್ತಿದೆ. ೨೦೧೩ರಲ್ಲಿ ನೆರೆಯ ನಂದ್ಯಾಲ ಡಯಾಸಿಸ್ಸಿಗೆ ಇ. ಪುಷ್ಪಲಲಿತಾ ಅವರು ಬಿಷಪ್ ಆದದ್ದು ಈ ಸಭೆಯಲ್ಲಿ ಮಹಿಳೆಯೊಬ್ಬರು ಆ ಪದವಿಗೇರಿದ ಮೊದಲ ಸಂದರ್ಭ.

ಆಸ್ತಿಯ ವಿಚಾರ ಸೂಕ್ಷ್ಮವಾದುದು. ಮಿಷನ್‌ಗಳ ಆಸ್ತಿಯನ್ನು ಹೊಂದಲು ೧೯೪೭ರಲ್ಲಿಯೇ ಕಂಪನಿ ಕಾಯಿದೆಯ ಅಡಿಯಲ್ಲಿ ಸಭೆಯ ಟ್ರಸ್ಟ್ ಅಸೋಸಿಯೇಷನ್ ನೋಂದಣಿಯಾಯಿತು. ಗುಡಿ, ಶಾಲೆ, ಸ್ಮಶಾನಗಳ ಒಡೆತನ ಇಂತಹ ಕೇಂದ್ರ ಸಂಸ್ಥೆಯಲ್ಲಿರುತ್ತದೆ. ಬಳಕೆ ಮತ್ತು ರಕ್ಷಣೆಯ ಹೊಣೆ ಸ್ಥಳೀಯರದು. ಒಡೆತನ ಕೇಂದ್ರದಲ್ಲಿದ್ದರೆ ಸ್ಥಳೀಯ ಪ್ರಬಲರು ಆಸ್ತಿಯನ್ನು ಕಬಳಿಸುವುದು ಕಷ್ಟ ಎಂಬುದು ಇದರ ಗುಣ. ತಾವೇ ಕಲ್ಲು ಹೊತ್ತು ಕಟ್ಟಿದ ಗುಡಿಯ ಬಗ್ಗೆ ತಮ್ಮನ್ನು ಕೇಳುವವರಿಲ್ಲ ಎಂಬ ಅಸಮಾಧಾನಕ್ಕೆ ಎಡೆಯಾಗುವುದು ಇದರ ದೋಷ. ೧೭೯೬ರ ಮೂಲತತ್ತ್ವವನ್ನು ಈ ಸಂದರ್ಭದಲ್ಲಿ ಮತ್ತೆ ನೆನೆಯಬೇಕಾಗಿದೆ.

ಕ್ಯಾಥೋಲಿಕ್ ಸಭೆಯಲ್ಲಿ ಪೋಪ್, ಧರ್ಮಾಧ್ಯಕ್ಷ, ಧರ್ಮಕೇಂದ್ರದ ಗುರು ಎಂಬ ಶ್ರೇಣಿ ಸ್ಪಷ್ಟವಾಗಿದೆ. ೧೯೬೨–೬೫ರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ನಿನ ಸ್ಥಾನದಲ್ಲಿ ಕನ್ನಡ ಪೂಜಾಭಾಷೆಯಾಯಿತು. ೧೯೮೩ರ ಧರ್ಮಸಂಹಿತೆ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯನ್ನು ಕಡ್ಡಾಯಗೊಳಿಸಿತು; ಪಾಲನಾ ಸಮಿತಿಗೂ ಅವಕಾಶ ಕಲ್ಪಿಸಿತು. ಇವು ಸಲಹೆ ನೀಡುವ ಸಮಿತಿಗಳು, ನಿರ್ಣಯ ಗುರುಗಳದು. ಸ್ವತಂತ್ರ ಸಭೆಗಳಲ್ಲಿ ಸ್ಥಾಪಕ ಪಾಸ್ಟರರೇ ಕೇಂದ್ರ. ಟ್ರಸ್ಟ್ ಅಥವಾ ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಸಂಘವಾಗಿ ನೋಂದಣಿಯಾಗುವುದು ಸಾಮಾನ್ಯ. ನಿರ್ಣಯಗಳು ಬೇಗ ಆಗುತ್ತವೆ. ಸ್ಥಾಪಕರ ನಂತರ ಯಾರು ಎಂಬ ಪ್ರಶ್ನೆ ಮಾತ್ರ ಹಲವೆಡೆ ಬಗೆಹರಿಯದೆ ಉಳಿಯುತ್ತದೆ.

೫. ಸಭೆಯ ದಾಖಲೆಗಳು

ಕೊನೆಯದಾಗಿ ಸಂಶೋಧಕರ ಹಾಗೂ ಗ್ರಂಥಾಲಯಗಳ ಗಮನಕ್ಕೆ ತರಬೇಕಾದ ವಿಚಾರವೊಂದಿದೆ. ಸಭೆಗಳು ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆ ಪುಸ್ತಕಗಳನ್ನು ಇಟ್ಟುಕೊಂಡು ಬರುತ್ತವೆ. ೧೮೭೨ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಮದುವೆಯ ದಾಖಲೆ ಕಡ್ಡಾಯ. ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ವಾಸಸ್ಥಳ, ಸಾಕ್ಷಿಗಳ ರುಜು ಅಥವಾ ಹೆಬ್ಬೆಟ್ಟು ಇವೆಲ್ಲ ಅವುಗಳಲ್ಲಿ ದಾಖಲಾಗುತ್ತವೆ. ಹೆಬ್ಬೆಟ್ಟು ಯಾವ ತಲೆಮಾರಿನಲ್ಲಿ ರುಜುವಾಯಿತು, ಕೂಲಿ ಎಂದಿದ್ದ ಕಸುಬು ಯಾವಾಗ ಉಪಾಧ್ಯಾಯ ಎಂದಾಯಿತು, ಹಳೆಯ ಊರ ಹೆಸರುಗಳ ಜಾಗದಲ್ಲಿ ಬೈಬಲಿನ ಹೆಸರುಗಳು ಹೇಗೆ ಬಂದವು ಎಂಬುದನ್ನು ಇವುಗಳಿಂದ ತಿಳಿಯಬಹುದು. ವಿಜಯನಗರದ ಅರಸರಿಗೆ ಶಾಸನಗಳಿವೆ, ದಾನ ಪಡೆದವರಿಗೆ ತಾಮ್ರಪಟಗಳಿವೆ. ಹೊಲಗೇರಿ, ಮಾದಿಗರ ಕೇರಿಗಳಿಂದ ಬಂದ ಕುಟುಂಬಗಳಿಗೆ ನಾಲ್ಕು ತಲೆಮಾರಿನ ಹೆಸರು ಹೇಳುವ ಬರಹವಿದ್ದರೆ ಅದು ಬಹುತೇಕ ಈ ಪುಸ್ತಕಗಳಲ್ಲಿ ಮಾತ್ರ.

ಲಂಡನ್ ಮಿಷನ್ನಿನ ಪತ್ರವ್ಯವಹಾರ ಲಂಡನ್ ವಿಶ್ವವಿದ್ಯಾಲಯದ ಪೌರ್ವಾತ್ಯ ಅಧ್ಯಯನ ಶಾಲೆಯಲ್ಲಿ ಸುರಕ್ಷಿತವಾಗಿದೆ. ಅವು ಮಿಷನರಿಗಳು ಬರೆದ ಬರಹಗಳು. ಸ್ಥಳೀಯರ ಬದುಕಿನ ಲೆಕ್ಕವಿರುವ ಪುಸ್ತಕಗಳು ಗುಡಿಗಳ ಬೀರುಗಳಲ್ಲಿ ಗೆದ್ದಲಿಗೂ ತೇವಕ್ಕೂ ಈಡಾಗುವ ಸ್ಥಿತಿಯಲ್ಲಿವೆ. ಈ ದಾಖಲೆಗಳ ಸಮೀಕ್ಷೆ, ಛಾಯಾಪ್ರತಿ, ಸೂಚಿಗಳ ಕೆಲಸ ಸಭೆಗಳ ಒಪ್ಪಿಗೆ ಪಡೆದು ನಡೆಯಬೇಕು. ಜೀವಂತ ಕುಟುಂಬಗಳ ಜಾತಿಮೂಲ ಇವುಗಳಲ್ಲಿ ಇರುವುದರಿಂದ ಅವುಗಳ ಬಳಕೆಗೆ ನಿಯಮಗಳೂ ಬೇಕು. ಇಷ್ಟಲ್ಲದೆ ಹಿರಿಯ ಹೆಂಗಸರ ನೆನಪಿನಲ್ಲಿರುವ ಕೀರ್ತನೆ, ಹಿಡಿ ಅಕ್ಕಿಯ ಲೆಕ್ಕ, ಬೆಳೆ ಹಬ್ಬದ ಕ್ರಮಗಳ ಮೌಖಿಕ ದಾಖಲಾತಿಯೂ ಜರೂರಾಗಿ ಆಗಬೇಕಾಗಿದೆ.

ಒಟ್ಟಾರೆಯಾಗಿ ಹೇಳುವುದಾದರೆ, ಹೊಸಪೇಟೆ–ಹಂಪಿ ಪರಿಸರದ ಕ್ರೈಸ್ತ ಸಭೆಯ ನಂಬಿಕೆ ಹೊರಗಿನಿಂದ ಬಂದರೂ ಅದರ ಮಾತು ಇಲ್ಲಿಯದು. ಅದರ ಉದ್ದೇಶಗಳು ಈ ನೆಲದ ಕ್ಷಾಮ, ಅನಕ್ಷರತೆ, ಅಸ್ಪೃಶ್ಯತೆಗಳಿಗೆ ಮುಖಾಮುಖಿಯಾಗುತ್ತ ರೂಪುಗೊಂಡವು. ಅದರ ಆಡಳಿತ ಸ್ಥಳೀಯ ಸಭೆಯ ಹಕ್ಕು ಮತ್ತು ಕೇಂದ್ರದ ಅಧಿಕಾರಗಳ ನಡುವೆ ಇಂದಿಗೂ ಸಮತೋಲನವನ್ನು ಹುಡುಕುತ್ತಿದೆ. ಮಿಷನರಿಗಳ ಚರಿತ್ರೆ ಬಹಳಷ್ಟು ಬರೆಯಲ್ಪಟ್ಟಿದೆ. ಸಭೆಯ ಜನರ ಚರಿತ್ರೆಯನ್ನು ಬರೆಯುವ ಕೆಲಸ ಇನ್ನು ಮುಂದೆ ನಡೆಯಬೇಕಾಗಿದೆ. ಅದಕ್ಕೆ ಬೇಕಾದ ಆಕರಗಳು ಉಳಿದಿರುವಾಗಲೇ ಅದು ನಡೆಯಬೇಕು.